ಹಳೆಯ ಲಾರಿಯ ಎಂಜಿನ್ ಮತ್ತು ಗೇರ್ ಬಾಕ್ಸ್: ಸ್ವಂತದ್ದನ್ನೇ ಕಟ್ಟಿಸಬೇಕೆ, ಗುಜರಿಯಿಂದ ತರಬೇಕೆ?

ಬಹಳ ವರ್ಷ ದುಡಿದ ಲಾರಿಯ ಎಂಜಿನ್ ಬೋರಿಗೆ ಬಂದಿದೆ, ಅಂದರೆ ಸಿಲಿಂಡರ್ ಸವೆದು ಒಳಗೆ ಕೊರೆಸಬೇಕಾಗಿದೆ ಎಂದು ಮೇಸ್ತ್ರಿ ಹೇಳಿದ ಮೇಲೆ ಮಾಲೀಕನ ಮುಂದೆ ಮೂರು ದಾರಿಗಳು ಉಳಿಯುತ್ತವೆ. ಇರುವ ಎಂಜಿನ್ನನ್ನೇ ಇಳಿಸಿ, ಬೋರ್ ಮಾಡಿಸಿ ಮತ್ತೆ ಕಟ್ಟಿಸುವುದು ಒಂದು. ಗುಜರಿಯಿಂದ ಸೆಕೆಂಡ್ ಹ್ಯಾಂಡ್ ಎಂಜಿನ್ ತಂದು ಕೂರಿಸುವುದು ಇನ್ನೊಂದು. ಹಳೆಯದನ್ನು ಕೊಟ್ಟು ಕಂಪನಿಯೇ ರೀಕಂಡಿಷನ್ ಮಾಡಿದ ಎಂಜಿನ್ ಪಡೆಯುವುದು ಮೂರನೆಯದು. ಬೆಂಗಳೂರು–ಮಂಗಳೂರು ದಾರಿಯಲ್ಲಿ ಓಡುವ ಎರಡು ಟಾಟಾ 1613 ಲಾರಿಗಳು ಮತ್ತು ನಗರದೊಳಗೆ ನೀರಿನ ಟ್ಯಾಂಕರಾಗಿ ದುಡಿಯುವ ಒಂದು ಹಳೆಯ 1210, ಇವುಗಳಲ್ಲಿ ಈ ಮೂರು ದಾರಿಗಳನ್ನೂ ನಾನು ನೋಡಿದ್ದೇನೆ. ಇದರಿಂದ ನನಗೆ ಖಚಿತವಾದ ವಿಷಯವೆಂದರೆ, ಎಂಜಿನ್ನಿಗೆ ಸರಿಹೋಗುವ ದಾರಿ ಗೇರ್ ಬಾಕ್ಸಿಗೆ ಸರಿಹೋಗುವುದಿಲ್ಲ. ಅನೇಕ ಮಾಲೀಕರು ಎರಡಕ್ಕೂ ಒಂದೇ ನಿಯಮ ಹಾಕಿಕೊಂಡು ಹಣ ಕಳೆದುಕೊಳ್ಳುವುದನ್ನು ಕಂಡಿರುವುದರಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಸ್ವಂತ ಎಂಜಿನ್ ಕಟ್ಟಿಸುವ ವಿಚಾರ. 1613ರಲ್ಲಿರುವುದು 697 ಎಂಜಿನ್, ಅಂದರೆ ಆರು ಸಿಲಿಂಡರ್, 97 ಮಿಲಿಮೀಟರ್ ಬೋರ್ (ಸಿಲಿಂಡರಿನ ಒಳವ್ಯಾಸ). ಟೆಲ್ಕೊ (ಈಗಿನ ಟಾಟಾ ಮೋಟಾರ್ಸ್) ಕಂಪನಿ 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ತಯಾರಿಸಲು ತೊಡಗಿದ ಕಾಲದ ವಿನ್ಯಾಸದ ಗುಣ ಇದರಲ್ಲಿ ಈಗಲೂ ಇದೆ: ಎರಕದ ಕಬ್ಬಿಣದ ದಪ್ಪ ಬ್ಲಾಕ್, ಒಳಗೆ ಡ್ರೈ ಲೈನರ್, ಅಂದರೆ ತಂಪು ನೀರು ತಾಗದಂತೆ ಕೂರಿಸಿದ ತೆಳು ಕೊಳವೆ. ಲೈನರ್ ಸವೆದರೆ ಅದನ್ನು ಪ್ರೆಸ್ಸಿನಲ್ಲಿ ಹೊರಗೆ ತಳ್ಳಿ, ಹೊಸದನ್ನು ಕೂರಿಸಿ, ಬೋರ್ ಮಾಡಿ, ಹೋನಿಂಗ್ (ಕಲ್ಲಿನಿಂದ ನಯಗೊಳಿಸುವುದು) ಮಾಡಿದರೆ ಸಿಲಿಂಡರ್ ಹೊಸ ಅಳತೆಗೆ ಮರಳುತ್ತದೆ. ಪಿಸ್ಟನ್ನಿನ ಮೇಲಿನ ರಿಂಗ್ ತಿರುಗಿ ಕೆಳಗಿಳಿಯುವ ಜಾಗದಲ್ಲಿ ಸವೆತ ಅತಿ ಹೆಚ್ಚು. ಆದ್ದರಿಂದ ಬೋರ್ ಡಯಲ್ ಗೇಜನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಮಟ್ಟದಲ್ಲಿ, ಪ್ರತಿ ಮಟ್ಟದಲ್ಲೂ ಎರಡು ದಿಕ್ಕಿನಲ್ಲಿ ಹಿಡಿದು ಅಳೆಯದೆ ಬರೀ ಬೆರಳಿನಿಂದ ಸವರಿ ತೀರ್ಮಾನ ಹೇಳುವ ಅಂಗಡಿಗೆ ನಾನು ಬ್ಲಾಕ್ ಕೊಡುವುದಿಲ್ಲ.

ಈ ದಾರಿಯ ಗುಣಮಟ್ಟವೆಲ್ಲ ಮಷೀನಿಂಗ್ ಕೆಲಸದ ಮೇಲೆ ನಿಂತಿದೆ, ಅದರಲ್ಲೂ ಪಿಸ್ಟನ್ನುಗಳ ಓಟವನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕ್ ಮೇಲೆ. ಬೇರಿಂಗಿನಲ್ಲಿ ತಿರುಗುವ ಅದರ ಭಾಗಗಳು, ಅಂದರೆ ಜರ್ನಲ್‌ಗಳು, ಸವೆದು ಅಂಡಾಕಾರಕ್ಕೆ ತಿರುಗಿದ್ದರೆ 0.25, 0.50, 0.75, ಕೊನೆಗೆ 1.00 ಮಿಲಿಮೀಟರಿನಂತೆ ಹಂತ ಹಂತವಾಗಿ ಗ್ರೈಂಡ್ ಮಾಡಿ ಆಯಾ ಅಳತೆಯ ಬೇರಿಂಗ್ ಶೆಲ್ ಹಾಕುತ್ತಾರೆ. ಇಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ಜರ್ನಲ್ಲಿನ ತುದಿಯ ಮೂಲೆ. ಅಲ್ಲಿ ಒಂದು ಸಣ್ಣ ದುಂಡು ತಿರುವು ಇರುತ್ತದೆ. ಗ್ರೈಂಡಿಂಗ್ ಕಲ್ಲಿನ ಅಂಚನ್ನು ಸರಿಯಾಗಿ ಡ್ರೆಸ್ ಮಾಡದೆ ಕೆಲಸ ಮುಗಿಸಿದರೆ ಆ ತಿರುವು ಹೋಗಿ ಚೂಪಾದ ಮೂಲೆಯಾಗುತ್ತದೆ, ತುಂಬಿದ ಲೋಡಿನಲ್ಲಿ ಕ್ರ್ಯಾಂಕ್ ಬಿರುಕು ಬಿಡುವುದು ಅಲ್ಲಿಂದಲೇ. ನಮ್ಮ ಮೇಸ್ತ್ರಿಗಳು ಗ್ರೈಂಡಿಂಗ್ ಆಗಿ ಬಂದ ಕ್ರ್ಯಾಂಕನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಿಸಿಲಿಗೆ ಹಿಡಿದು, ಎಲ್ಲ ಮೂಲೆಗಳಲ್ಲೂ ಉಗುರು ಆಡಿಸಿ ನೋಡುತ್ತಾರೆ. ಒಮ್ಮೆ ಒಂದು ಮೂಲೆಯಲ್ಲಿ ಉಗುರು ಸಿಕ್ಕಿಕೊಂಡಾಗ, "ಸಾರ್, ಇದನ್ನ ನಾನು ಕಟ್ಟಲ್ಲ, ವಾಪಸ್ ಕಳಿಸಿ" ಎಂದು ಒಂದೇ ಮಾತಿನಲ್ಲಿ ಹೇಳಿದರು. ಅಂತಹ ಕೈ ಸಿಕ್ಕರೆ ಸ್ವಂತ ಎಂಜಿನ್ ಕಟ್ಟಿಸುವುದಕ್ಕಿಂತ ಉತ್ತಮವಾದ ದಾರಿ ಇಲ್ಲ. ಅಂತಹ ಕೈ ಸಿಗದಿದ್ದರೆ ಈ ದಾರಿಗೆ ಇಳಿಯಲೇಬಾರದು.

ಡೀಸೆಲ್ ಪಂಪಿನ ಮಾತನ್ನೂ ಇಲ್ಲಿಯೇ ಹೇಳಬೇಕು. ಎಂಜಿನ್ನಿಗೆ ಅಷ್ಟೆಲ್ಲ ಖರ್ಚು ಮಾಡಿ, ಹಳೆಯ ಪಂಪನ್ನು ಹಾಗೆಯೇ ಮರುಜೋಡಿಸುವವರಿದ್ದಾರೆ. ಆರು ಸಿಲಿಂಡರಿಗೂ ಸಮನಾಗಿ ಡೀಸೆಲ್ ಹೋಗದಿದ್ದರೆ ಹೆಚ್ಚು ಹೋದ ಸಿಲಿಂಡರಿನಲ್ಲಿ ಅದು ಲೈನರಿನ ಎಣ್ಣೆಯನ್ನು ತೊಳೆದುಬಿಡುತ್ತದೆ, ಹೊಸ ರಿಂಗ್ ಕೂರುವ ಮೊದಲೇ ಸವೆಯುತ್ತದೆ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೇರೂರಿದ, ಈ ಪಂಪ್ ತಯಾರಿಸುವ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿದ್ದರೂ ನಮ್ಮ ಊರಿನ ಮೇಸ್ತ್ರಿಗಳ ಬಾಯಲ್ಲಿ ಅದು ಇಂದಿಗೂ ಮೈಕೋ ಪಂಪೇ. ಟೆಸ್ಟ್ ಬೆಂಚಿನ ಮೇಲೆ ಪಂಪ್ ಕ್ಯಾಲಿಬ್ರೇಷನ್ ಮಾಡುವ ನುರಿತ ಅಂಗಡಿಗಳು ಊರಿನಲ್ಲೇ ಇರುವಾಗ ಆ ಖರ್ಚನ್ನು ಉಳಿಸಲು ಹೋಗಬಾರದು.

ಗುಜರಿ ಎಂಜಿನ್ನಿನ ದೊಡ್ಡ ಅನುಕೂಲ ಸಮಯ. ಬೋರಿಂಗ್, ಗ್ರೈಂಡಿಂಗ್, ಹೆಡ್ ಫೇಸಿಂಗ್ ಎಂದು ಅಂಗಡಿಯಿಂದ ಅಂಗಡಿಗೆ ಅಲೆಯುವಷ್ಟು ಕಾಲ ಲಾರಿ ನಿಂತೇ ಇರುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. ಸೆಕೆಂಡ್ ಹ್ಯಾಂಡ್ ಎಂಜಿನ್ ಆದರೆ ಬೇಗ ಕೂರಿಸಿ ಲಾರಿ ರಸ್ತೆಗೆ ಬಿಡಬಹುದು. ಆದರೆ ಇದರಲ್ಲಿ ಕೊಳ್ಳುವವನಿಗೆ ಒಳಗಿನದು ಕಾಣುವುದಿಲ್ಲ. ಎರಡನೆಯ 1613ಕ್ಕೆ ನಾವು ತಂದ ಎಂಜಿನ್ ಅಂಗಡಿಯವರ ಮುಂದೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು, ಬ್ಯಾಕ್ ಕಂಪ್ರೆಷನ್ (ರಿಂಗ್ ದಾಟಿ ಕೆಳಗೆ ನುಗ್ಗುವ ಗ್ಯಾಸ್) ಇರಲಿಲ್ಲ, ಹೊಗೆಯ ಬಣ್ಣವೂ ಸರಿಯಾಗಿತ್ತು. ಮಂಗಳೂರಿನಿಂದ ಲೋಡು ತುಂಬಿಕೊಂಡು ಶಿರಾಡಿ ಘಾಟಿ ಏರುವಾಗ, ಎಂಜಿನ್ ಪೂರ್ತಿ ಕಾದ ಮೇಲೆ ಆಯಿಲ್ ಪ್ರೆಷರಿನ ಮುಳ್ಳು ಕೆಳಗಿಳಿಯತೊಡಗಿತು. ಸಂಪ್ (ತಳದ ಎಣ್ಣೆ ತೊಟ್ಟಿ) ಬಿಚ್ಚಿ ಶೆಲ್ ತೆಗೆದು ನೋಡಿದರೆ ತಾಮ್ರದ ಬಣ್ಣ ಮೇಲೆ ಬಂದಿತ್ತು, ಶೆಲ್ಲಿನ ಬೆನ್ನಿನ ಮೇಲೆ 1.00 ಎಂದು ಅಚ್ಚಾಗಿತ್ತು. ಅಂದರೆ ಆ ಕ್ರ್ಯಾಂಕ್ ಆಗಲೇ ಕೊನೆಯ ಅಳತೆಗೆ ಬಂದಿತ್ತು, ಇನ್ನೊಂದು ಸಲ ಗ್ರೈಂಡ್ ಮಾಡಲು ಅದರಲ್ಲಿ ಲೋಹವೇ ಉಳಿದಿರಲಿಲ್ಲ. ಮಾರಿದವರು ಕೊಟ್ಟಿದ್ದದ್ದು ಟೆಸ್ಟಿಂಗ್ ಗ್ಯಾರಂಟಿ ಮಾತ್ರ, ಅದು ಸ್ಟಾರ್ಟ್ ಆಗುವವರೆಗಿನ ಮಾತು. ಗುಜರಿ ಎಂಜಿನ್ ಕೊಳ್ಳಲೇಬೇಕಾದವರು ಹಣ ಕೊಡುವ ಮೊದಲು ಸಂಪ್ ಇಳಿಸಿ, ಒಂದು ಮೇನ್ ಮತ್ತು ಒಂದು ಕನೆಕ್ಟಿಂಗ್ ರಾಡಿನ ಕ್ಯಾಪ್ ಬಿಚ್ಚಿ, ಶೆಲ್ಲಿನ ಬೆನ್ನು ಓದಬೇಕು. ಅದಕ್ಕೆ ಒಪ್ಪದ ಮಾರಾಟಗಾರನ ಬಳಿ ವ್ಯಾಪಾರ ಬೇಡ.

ಗುಜರಿ ಎಂಜಿನ್ನಿಗೆ ಕಾಗದಪತ್ರದ ತೊಡಕೂ ಉಂಟು. ಎಂಜಿನ್ ನಂಬರ್ ಆರ್‌ಸಿಯಲ್ಲಿ ದಾಖಲಾಗಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಎಂಜಿನ್ ಬದಲಾಯಿಸಿದವರು ಅದನ್ನು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು. ಖರೀದಿಯ ಬಿಲ್ಲು, ಹಳೆಯ ವಾಹನದ ದಾಖಲೆ ಇಲ್ಲದ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಎಫ್‌ಸಿ (ಫಿಟ್ನೆಸ್ ಪರೀಕ್ಷೆ) ಸಮಯದಲ್ಲಿ ಲಾರಿಯನ್ನು ನಿಲ್ಲಿಸುತ್ತದೆ. ಸ್ವಂತ ಬ್ಲಾಕ್ ಉಳಿಸಿಕೊಂಡವರಿಗೆ ಈ ಚಿಂತೆಯೇ ಇಲ್ಲ.

ವಿನಿಮಯದ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟಾಟಾ ಮೋಟಾರ್ಸ್ ಪ್ರೋಲೈಫ್ ಎಂಬ ಹೆಸರಿನಲ್ಲಿ ಇದನ್ನು ನಡೆಸುತ್ತದೆ. ಕೆಲಸ ಅಚ್ಚುಕಟ್ಟು, ವಾರಂಟಿ ಉಂಟು, ಲಾರಿ ನಿಲ್ಲುವ ಕಾಲವೂ ಕಡಿಮೆ. ಖರ್ಚು ಮಾತ್ರ ಮೂರರಲ್ಲಿ ಇದಕ್ಕೇ ಹೆಚ್ಚು. ಬ್ಲಾಕ್ ಸೀಳಿದ್ದರೆ ಅಥವಾ ರಾಡ್ ಮುರಿದು ಬ್ಲಾಕನ್ನು ಒಡೆದು ಹೊರಬಂದಿದ್ದರೆ ವಿನಿಮಯಕ್ಕೂ ಅದರ ಬೆಲೆ ಉಳಿಯುವುದಿಲ್ಲ. ಬ್ಯಾಂಕ್ ಸಾಲದ ಮೇಲೆ ದಿನವೂ ಓಡಲೇಬೇಕಾದ ಲಾರಿಗೆ ಇದು ಸೂಕ್ತ. ಸಾಲ ತೀರಿದ ಹಳೆಯ ಲಾರಿಗೆ ಅಷ್ಟು ಹಣ ಹಾಕುವುದು ನನ್ನ ಲೆಕ್ಕದಲ್ಲಿ ಹೆಚ್ಚಾಯಿತು.

ಇನ್ನು ಗೇರ್ ಬಾಕ್ಸ್. ಇಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಎಂಜಿನ್ನಿನ ಸಿಲಿಂಡರ್ ಸವೆದರೆ ಲೈನರ್ ಬದಲಾಯಿಸಬಹುದು, ಕ್ರ್ಯಾಂಕ್ ಸವೆದರೆ ಕೆಳಗಿನ ಅಳತೆಗೆ ತರಬಹುದು. ಗೇರಿನ ಹಲ್ಲು ಸವೆದರೆ ಅದನ್ನು ಮತ್ತೆ ತುಂಬಲು ಬರುವುದಿಲ್ಲ. ಹಲ್ಲಿನ ಗಟ್ಟಿತನ ಇರುವುದು ಶಾಖ ಸಂಸ್ಕಾರದಿಂದ ಬಂದ ತೆಳುವಾದ ಹೊರಪದರದಲ್ಲಿ ಮಾತ್ರ. ಸವೆದ ಡಾಗ್ ಹಲ್ಲುಗಳಿಗೆ (ಗೇರನ್ನು ಶಾಫ್ಟಿಗೆ ಕಚ್ಚಿಹಿಡಿಸುವ ಸಣ್ಣ ಹಲ್ಲುಗಳಿಗೆ) ವೆಲ್ಡಿಂಗ್ ತುಂಬಿಸಿ ಉಜ್ಜಿ ಕೊಡುವ ಅಂಗಡಿಗಳು ನಗರದಲ್ಲಿವೆ. ವೆಲ್ಡಿಂಗಿನ ಬಿಸಿಗೆ ಆ ಗಟ್ಟಿ ಪದರ ಮೆತ್ತಗಾಗಿ, ಕೆಲವೇ ಲೋಡುಗಳಲ್ಲಿ ಹಲ್ಲು ಮತ್ತೆ ದುಂಡಾಗುತ್ತದೆ. ಮೊದಲ 1613ರಲ್ಲಿ ಮೂರನೆಯ ಗೇರ್ ತಾನಾಗಿಯೇ ಕಳಚಿ ನ್ಯೂಟ್ರಲ್‌ಗೆ ಬೀಳುತ್ತಿತ್ತು, ಅದೂ ಸಕಲೇಶಪುರ ದಾಟಿ ಇಳಿಯುವಾಗ, ಆ್ಯಕ್ಸಿಲರೇಟರ್ ಬಿಟ್ಟ ಕೂಡಲೇ. ಇಳಿಜಾರಿನಲ್ಲಿ ಗೇರ್ ಬಿದ್ದರೆ ಎಂಜಿನ್ನಿನ ಹಿಡಿತ ಪೂರ್ತಿ ಹೋಗಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಇದನ್ನು ಡ್ರೈವರ್ ಕೈಯಲ್ಲಿ ಲಿವರ್ ಒತ್ತಿಹಿಡಿದು ಸುಧಾರಿಸಿಕೊಳ್ಳಲಿ ಎಂದು ಬಿಡುವಂತಹ ವಿಷಯವಲ್ಲ.

ಅದನ್ನು ಸರಿಪಡಿಸಲು ಮೊದಲು ಮೂರನೆಯ ಗೇರನ್ನಷ್ಟೇ ಹೊಸದಾಗಿ ಹಾಕಿಸಿದೆವು. ಗೇರ್ ಬೀಳುವುದು ನಿಂತಿತು, ಆದರೆ ಲೋಡಿನಲ್ಲಿ ಎದೆ ನಡುಗಿಸುವಂತೆ ಊಳಿಡತೊಡಗಿತು. ಜೊತೆಯಾಗಿ ಓಡಿದ ಎರಡು ಗೇರುಗಳ ಹಲ್ಲುಗಳು ಒಂದರ ಮುಖಕ್ಕೆ ಇನ್ನೊಂದು ಹೊಂದಿಕೊಂಡು ಸವೆದಿರುತ್ತವೆ. ಅದರಲ್ಲಿ ಒಂದನ್ನು ಮಾತ್ರ ಹೊಸದು ಮಾಡಿದರೆ ಹಲ್ಲಿನ ಮುಖ ಪೂರ್ತಿ ಕೂರುವುದಿಲ್ಲ. ಮೇನ್ ಶಾಫ್ಟ್ ಮತ್ತು ಅದಕ್ಕೆ ಜೊತೆಯಾಗಿ ತಿರುಗುವ ಲೇ ಶಾಫ್ಟಿನ ಗೇರುಗಳನ್ನು ಜೋಡಿಯಾಗಿ ಬದಲಾಯಿಸಿದರೆ ಸದ್ದು ಹೋಗುತ್ತದೆ, ಆದರೆ ಹಾಗೆ ಎರಡು ಜೋಡಿ ಹಾಕುವಷ್ಟರಲ್ಲಿ ಖರ್ಚು ಇಡೀ ಸೆಕೆಂಡ್ ಹ್ಯಾಂಡ್ ಬಾಕ್ಸಿನ ಬೆಲೆಯನ್ನು ದಾಟುತ್ತದೆ. ಬೇರಿಂಗ್ ಕೂರುವ ಕೇಸಿಂಗಿನ ತೂತೂ ಸವೆದಿದ್ದರೆ ಅದಕ್ಕೆ ಬುಷ್ ಹಾಕಿಸಬೇಕು, ಆಗ ಎರಡು ಶಾಫ್ಟುಗಳ ನಡುವಿನ ಅಂತರ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಹೊಸ ಗೇರುಗಳೂ ಊಳಿಡುತ್ತವೆ.

ಆದ್ದರಿಂದ ಕೊನೆಗೆ ಜಿಬಿಎಸ್-40 ಮಾದರಿಯ ಬಾಕ್ಸನ್ನು ಗುಜರಿಯಿಂದ ಇಡಿಯಾಗಿ ತಂದೆವು. ಎಂಜಿನ್ನಿನಂತಲ್ಲದೆ ಗೇರ್ ಬಾಕ್ಸನ್ನು ಕೊಳ್ಳುವ ಮುನ್ನವೇ ಪರೀಕ್ಷಿಸುವುದು ಸುಲಭ. ಮೇಲಿನ ಕವರ್ ತೆಗೆದರೆ ಎಲ್ಲ ಹಲ್ಲುಗಳೂ ಕಣ್ಣೆದುರಿಗೇ ಇರುತ್ತವೆ: ಹಲ್ಲಿನ ಮುಖದಲ್ಲಿ ಗುಳಿ ಬಿದ್ದಿದೆಯೇ, ಅಂಚು ಚಿಪ್ಪೆದ್ದಿದೆಯೇ, ಡಾಗ್ ಹಲ್ಲಿನ ತುದಿ ದುಂಡಾಗಿದೆಯೇ, ಗೇರ್ ಸರಿಸುವ ಫೋರ್ಕ್ ಒಂದು ಕಡೆ ಸವೆದಿದೆಯೇ ಎಂದು ಬ್ಯಾಟರಿ ಹಿಡಿದು ನೋಡಬಹುದು. ತಳದ ಎಣ್ಣೆಯಲ್ಲಿ ಉಕ್ಕಿನ ಚೂರು ಸಿಕ್ಕರೆ ಅಲ್ಲಿಗೆ ಮಾತು ಮುಗಿಯಿತು. ಹಲ್ಲುಗಳು ಶುದ್ಧವಾಗಿದ್ದ ಆ ಬಾಕ್ಸನ್ನು ತಂದ ಹಾಗೆಯೇ ಲಾರಿಗೆ ಏರಿಸದೆ, ಪೂರ್ತಿ ಬಿಚ್ಚಿ, ಎಲ್ಲ ಬೇರಿಂಗ್, ಸಿಂಕ್ರೋ ರಿಂಗ್ (ಗೇರ್ ಸೇರುವ ಮೊದಲು ವೇಗ ಹೊಂದಿಸುವ ಬಳೆ), ಆಯಿಲ್ ಸೀಲ್ ಹೊಸದು ಹಾಕಿ ಕಟ್ಟಿಸಿದೆವು. ನಮ್ಮ ಹಳೆಯ ಬಾಕ್ಸಿನಲ್ಲಿ ಚೆನ್ನಾಗಿದ್ದ ಫೋರ್ಕುಗಳೂ ಇದರಲ್ಲಿ ಬಳಕೆಯಾದವು. ಬೇರಿಂಗ್ ಮತ್ತು ಸೀಲುಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಳ್ಳುವಾಗ ಡೂಪ್ಲಿಕೇಟ್ ಮಾಲಿನ ಬೆಲೆ ಅರ್ಧಕ್ಕಿಂತ ಕಡಿಮೆಯೆಂದು ಆಸೆಪಡಬಾರದು, ಏಕೆಂದರೆ ಒಂದು ಬೇರಿಂಗಿಗಾಗಿ ಬಾಕ್ಸನ್ನು ಎರಡನೆಯ ಸಲ ಇಳಿಸುವ ಕೂಲಿಯೇ ಅದಕ್ಕಿಂತ ಹೆಚ್ಚು. ಎಣ್ಣೆಯ ವಿಷಯದಲ್ಲೂ ಎಚ್ಚರ ಬೇಕು: ಹಿತ್ತಾಳೆಯ ಸಿಂಕ್ರೋ ರಿಂಗ್ ಇರುವ ಹಳೆಯ ಬಾಕ್ಸಿಗೆ ಜಿಎಲ್-4 ದರ್ಜೆಯ ಗೇರ್ ಆಯಿಲೇ ಸರಿ. ಹಿಂದಿನ ಡಿಫರೆನ್ಷಿಯಲ್ಲಿಗೆ ತಂದ ಜಿಎಲ್-5 ಡಬ್ಬದಲ್ಲಿ ಉಳಿದಿದೆ ಎಂದು ಅದನ್ನೇ ಇಲ್ಲಿಗೂ ಸುರಿದರೆ ಅದರೊಳಗಿನ ಗಂಧಕದ ಅಂಶ ಹಿತ್ತಾಳೆಯನ್ನು ತಿನ್ನಬಲ್ಲದು.

1210 ಟ್ಯಾಂಕರಿನ ಮಟ್ಟಿಗೆ ನನ್ನ ತೀರ್ಮಾನ ಸ್ವಲ್ಪ ಬೇರೆ. ಅದಕ್ಕೆ ಘಾಟಿಯಿಲ್ಲ, ದೂರದ ಓಟವಿಲ್ಲ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಿಗೂ ಬೋರ್‌ವೆಲ್ಲಿಗೂ ನಡುವೆ ಒಂದು ಮತ್ತು ಎರಡನೆಯ ಗೇರಿನಲ್ಲೇ ಹೆಚ್ಚು ಹೊತ್ತು ಕಳೆಯುತ್ತದೆ. ಅಲ್ಲಿ ಸವೆಯುವುದು ಕ್ಲಚ್ ಮತ್ತು ಕೆಳಗಿನ ಗೇರುಗಳು. ಅದರ ಎಂಜಿನ್ನಿಗೆ ಈ ಬಾರಿ ರಿಂಗ್ ಮತ್ತು ಶೆಲ್ ಮಾತ್ರ ಹಾಕಿಸಿ, ಉಳಿಸಿದ ಹಣವನ್ನು ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಗೇರ್ ಬಾಕ್ಸಿಗೆ ಕೊಡುವುದೆಂದು ಮೇಸ್ತ್ರಿಗಳೂ ನಾನೂ ಒಪ್ಪಿಕೊಂಡಿದ್ದೇವೆ.