ಕೆಮಿಸ್ಟ್ರಿ ಕಲಿಯಲು ಫೆಟ್ ಸಾಕಾ, ಕೆಮ್‌ಕಲೆಕ್ಟಿವ್ ಬೇಕಾ?

ಫೆಟ್ (PhET) ಮತ್ತು ಕೆಮ್‌ಕಲೆಕ್ಟಿವ್ (ChemCollective) ಪ್ರಯೋಗಗಳನ್ನು ಕಂಪ್ಯೂಟರ್ ಪರದೆಯಲ್ಲೇ ಮಾಡಿ ನೋಡುವ ವೆಬ್‌ಸೈಟ್‌ಗಳು. ಎರಡೂ ಉಚಿತ, ಎರಡೂ ಬ್ರೌಸರ್‌ನಲ್ಲೇ ಓಡುತ್ತವೆ. ಆದರೆ ಮಾಡುವ ಕೆಲಸ ಬೇರೆ.

ಫೆಟ್ ಅನ್ನು 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದವರು ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್. ಕಣ್ಣಿಗೆ ಕಾಣದ್ದನ್ನು ತೋರಿಸುವುದರಲ್ಲಿ ಇದು ನಿಜಕ್ಕೂ ಎತ್ತಿದ ಕೈ. ಅದರ ಪಿಎಚ್ ಸ್ಕೇಲ್ ಎಂಬ ಸಿಮ್ಯುಲೇಶನ್ ತೆರೆದು ನೋಡಿ. ಪಿಎಚ್ ಅಂದರೆ ದ್ರಾವಣ ಎಷ್ಟು ಆಮ್ಲೀಯ ಎಂದು ಹೇಳುವ ಅಳತೆ, ಅದು ಕಡಿಮೆ ಇದ್ದಷ್ಟೂ ಆಸಿಡ್ ಜೋರು. ಪಿಎಚ್ 1 ಇರುವ ಬ್ಯಾಟರಿ ಆಸಿಡ್ ಆರಿಸಿ. 100 ಮಿಲಿಲೀಟರ್ ಉಳಿಸಿಕೊಂಡು ಮಿಕ್ಕದ್ದನ್ನು ಹೊರಗೆ ಬಿಡಿ. ಈಗ ನೀರಿನ ನಲ್ಲಿ ತಿರುಗಿಸಿ ಒಟ್ಟು 1 ಲೀಟರ್ ಮಾಡಿ. ಆಸಿಡ್ ಹತ್ತು ಪಟ್ಟು ತೆಳುವಾದರೂ ಪಿಎಚ್ ಏರುವುದು 2ಕ್ಕೆ ಮಾತ್ರ! ಹತ್ತು ಪಟ್ಟಿಗೆ ಒಂದೇ ಹೆಜ್ಜೆ: ಲಾಗರಿದಮ್ ಅಂದರೆ ಏನು ಅಂತ ಆಗ ತಟ್ಟನೆ ಹೊಳೆಯುತ್ತದೆ. ಸುಮ್ನೆ ಸೂತ್ರ ಉರು ಹೊಡೆದರೆ ಇದು ಸಿಗುವುದಿಲ್ಲ. ಕೆಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಇವೆ, ಹಳ್ಳಿ ಶಾಲೆಯ ಮಕ್ಕಳಿಗೆ ಇದು ದೊಡ್ಡ ಅನುಕೂಲ ಅಲ್ವಾ?

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕೆಮ್‌ಕಲೆಕ್ಟಿವ್ ವರ್ಚುವಲ್ ಲ್ಯಾಬ್ ಹೀಗೆ ಕೈ ಹಿಡಿದು ನಡೆಸುವುದಿಲ್ಲ. ಬೀಕರ್, ಬ್ಯೂರೆಟ್, ದ್ರಾವಣ ಎಲ್ಲವನ್ನೂ ನೀವೇ ಆರಿಸಬೇಕು, ಎಷ್ಟು ಸುರಿಯಬೇಕೆಂದು ನೀವೇ ಲೆಕ್ಕ ಹಾಕಬೇಕು. ಟೈಟ್ರೇಶನ್‌ನಲ್ಲಿ (ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು ಅದರ ಸಾಂದ್ರತೆ ಕಂಡುಹಿಡಿಯುವ ಪ್ರಯೋಗ) ಸ್ವಲ್ಪ ಜಾಸ್ತಿ ಬಿಟ್ಟರೂ ಎಂಡ್‌ಪಾಯಿಂಟ್, ಅಂದರೆ ನಿಲ್ಲಿಸಬೇಕಾದ ಹಂತ, ದಾಟಿಬಿಡುತ್ತದೆ. ಮೋಲ್ ಲೆಕ್ಕ, ಅಂದರೆ ಯಾವ ವಸ್ತು ಎಷ್ಟು ಪ್ರಮಾಣದಲ್ಲಿದೆ ಎಂಬ ಲೆಕ್ಕ, ಗಟ್ಟಿಯಾಗುವುದು ಇಲ್ಲೇ. ಮೊಬೈಲ್‌ಗಿಂತ ಲ್ಯಾಪ್‌ಟಾಪ್ ವಾಸಿ.

ಸಿಬಿಎಸ್‌ಇ ಪ್ರಾಕ್ಟಿಕಲ್ ಹತ್ತಿರವಿದ್ದರೆ ಅಮೃತ ವಿಶ್ವವಿದ್ಯಾಪೀಠ ಮತ್ತು ಕೇಂದ್ರ ಸರ್ಕಾರದ ಕಂಪ್ಯೂಟಿಂಗ್ ಸಂಸ್ಥೆ ಸಿ-ಡ್ಯಾಕ್ ಸೇರಿ ಮಾಡಿದ ಓಲ್ಯಾಬ್ಸ್ ಎಂಬ ಆನ್‌ಲೈನ್ ಲ್ಯಾಬ್ ನೋಡಿ. ಅದು ಸಿಲೆಬಸ್ ಪ್ರಕಾರವೇ ಇದೆ.

ಹೈಸ್ಕೂಲಿಗೆ ನನ್ನ ಆಯ್ಕೆ ಫೆಟ್. ಪಿಯುಸಿ ಸೈನ್ಸ್ ಓದುವವರು ಫೆಟ್‌ನಲ್ಲಿ ವಿಷಯ ಅರ್ಥ ಮಾಡಿಕೊಂಡು, ಅದೇ ವಾರ ಕೆಮ್‌ಕಲೆಕ್ಟಿವ್‌ನಲ್ಲಿ ಒಂದು ಟೈಟ್ರೇಶನ್ ಮಾಡಲಿ.