ಕ್ಯಾಲ್ಕ್ಯುಲಸ್ ವರ್ಕ್‌ಶಾಪ್: ಮೂರು ಸೆಮಿಸ್ಟರ್ ಕೂತು ಬಂದವಳ ಮಾತು

ಅಮೆರಿಕಕ್ಕೆ ಡಿಗ್ರಿ ಓದಲು ಬರುವ ನಮ್ಮ ಕಡೆಯ ಮಕ್ಕಳು ಆಗಾಗ ಕೇಳುತ್ತಾರೆ: "ಅಕ್ಕಾ, ಕ್ಯಾಲ್ಕ್ಯುಲಸ್ ಜೊತೆಗೆ ಒಂದು ಕ್ರೆಡಿಟ್‌ನ ವರ್ಕ್‌ಶಾಪ್ ಅಂತ ಇದೆಯಲ್ಲ, ಅದನ್ನ ತಗೋಬೇಕಾ?" ಎಲ್ಲರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ಇಲ್ಲೇ ಬರೆದುಬಿಡುತ್ತೇನೆ. ಸೀಟು ಸಿಕ್ಕಿದರೆ ತಗೊಳ್ಳಿ. ಯೋಚನೆಯೇ ಬೇಡ. ನಾನು ಎರಡು ಸೆಮಿಸ್ಟರ್ ವಿದ್ಯಾರ್ಥಿಯಾಗಿ ಹೋಗಿದ್ದೇನೆ, ಮೂರನೇ ಸೆಮಿಸ್ಟರ್ ಅಲ್ಲೇ ಸಹಾಯಕಳಾಗಿ ಕೆಲಸ ಮಾಡಿದ್ದೇನೆ. ಕೊರತೆಗಳೂ ಇವೆ. ಒಂದೆರಡು ನಿಜವಾಗಿ ಬೇಸರ ತರಿಸಿದವು, ಅದನ್ನೂ ಮುಚ್ಚಿಡುವುದಿಲ್ಲ. ವಿಶ್ವವಿದ್ಯಾಲಯದ ಹೆಸರು ಮಾತ್ರ ಬರೆಯುವುದಿಲ್ಲ, ಒಂದು ರಾಜ್ಯ ವಿಶ್ವವಿದ್ಯಾಲಯ ಅಂದುಕೊಳ್ಳಿ.

ಮೊದಲು ಇದು ಏನು ಅಂತ. ಗಣಿತ ವಿಭಾಗ, ಬಿಸಿನೆಸ್ ಸ್ಕೂಲಿನ ಫೈನಾನ್ಸ್ ವಿಭಾಗ, ಶಿಕ್ಷಣ ವಿಭಾಗ, ಈ ಮೂರೂ ಸೇರಿ ನಡೆಸುವ ಒಂದು ಸಂಶೋಧನಾ ಯೋಜನೆಯ ಭಾಗ ಇದು. ಕಪ್ಪು ವಿದ್ಯಾರ್ಥಿಗಳು ಮೊದಲ ವರ್ಷದ ಗಣಿತದಲ್ಲೇ ಎಡವಿ ಎಂಜಿನಿಯರಿಂಗ್, ಫೈನಾನ್ಸ್ ಕೋರ್ಸುಗಳನ್ನು ಬಿಟ್ಟು ಹೋಗುವುದು ಯಾಕೆ, ಅದನ್ನು ತಡೆಯುವುದು ಹೇಗೆ ಅನ್ನುವುದು ಅವರ ಪ್ರಶ್ನೆ. ಯಾರು ಬೇಕಾದರೂ ಸೇರಬಹುದು. ನಮ್ಮ ಕೋಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಕಪ್ಪು ವಿದ್ಯಾರ್ಥಿಗಳು, ಮಿಕ್ಕವರು ಬೇರೆ ಬೇರೆ ಕಡೆಯವರು, ಕನ್ನಡದವಳು ನಾನೊಬ್ಬಳೇ. ವಾರಕ್ಕೆ ಎರಡು ಸಲ, ಒಂದೊಂದು ಸಲ ಎರಡು ಗಂಟೆ. ಫುಲ್‌ಟೈಮ್ ಫೀಸಿನೊಳಗೇ ಬರುವ ಕಾರಣ ಬೇರೆ ದುಡ್ಡು ಕೊಡಬೇಕಿಲ್ಲ.

ಈ ಮಾದರಿ ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಒಳಗೆ ನಡೆಯುವುದು ಚೆನ್ನಾಗಿ ಅರ್ಥವಾಗುತ್ತದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ಯೂರಿ ಟ್ರೈಸ್‌ಮನ್ ಅನ್ನುವ ಗಣಿತದ ಸಂಶೋಧಕರು ಇದೇ ಪ್ರಶ್ನೆ ಹಿಡಿದು ಹೊರಟರು. ಪ್ರಾಧ್ಯಾಪಕರನ್ನು ಕೇಳಿದರೆ ಎಲ್ಲರ ಹತ್ತಿರವೂ ಸಿದ್ಧ ಉತ್ತರ ಇತ್ತು: ಆಸಕ್ತಿ ಸಾಲದು, ಹೈಸ್ಕೂಲಿನ ತಯಾರಿ ಸಾಲದು, ಮನೆಯವರ ಬೆಂಬಲ ಇಲ್ಲ, ಬಡತನ. ಟ್ರೈಸ್‌ಮನ್ ಇಪ್ಪತ್ತು ಕಪ್ಪು ವಿದ್ಯಾರ್ಥಿಗಳನ್ನೂ ಇಪ್ಪತ್ತು ಚೀನೀ ಮೂಲದ ವಿದ್ಯಾರ್ಥಿಗಳನ್ನೂ ಆರಿಸಿಕೊಂಡು, ಅವರು ಓದುವ ಜಾಗಕ್ಕೇ ಹೋಗಿ ಕೂತು, ಹೇಗೆ ಓದುತ್ತಾರೆ ಅಂತ ತಿಂಗಳುಗಟ್ಟಲೆ ನೋಡಿದರು. ಆ ಸಿದ್ಧ ಉತ್ತರಗಳು ಒಂದೂ ನಿಲ್ಲಲಿಲ್ಲ. ಕಪ್ಪು ಹುಡುಗರು ಮೇಷ್ಟ್ರು ಹೇಳಿದ ಹಾಗೆ ವಾರಕ್ಕೆ ಎಂಟು ಗಂಟೆ ಶ್ರದ್ಧೆಯಿಂದ ಕೂರುತ್ತಿದ್ದರು, ಆದರೆ ಬಹುತೇಕ ಎಲ್ಲರೂ ಒಬ್ಬೊಬ್ಬರೇ. ಚೀನೀ ಮೂಲದವರು ಹದಿನಾಲ್ಕು ಗಂಟೆಯ ಹತ್ತಿರ ಓದುತ್ತಿದ್ದರು. ಅದರಲ್ಲಿ ಕೆಲವು ಗಂಟೆ ಜೊತೆಗೆ ಕೂತು, ಒಬ್ಬರ ಹೋಮ್‌ವರ್ಕ್ ಇನ್ನೊಬ್ಬರು ನೋಡಿ, ಎಲ್ಲರಿಗೂ ತಪ್ಪಾದ ಲೆಕ್ಕ ಯಾವುದು ಅಂತ ಗುರುತಿಸುತ್ತಿದ್ದರು. ತನಗೊಬ್ಬನಿಗೇ ಕಷ್ಟ ಆಗುತ್ತಿದೆಯಾ, ಎಲ್ಲರಿಗೂ ಆಗುತ್ತಿದೆಯಾ ಅನ್ನುವುದು ಅವರಿಗೆ ಪರೀಕ್ಷೆಗೆ ಮುಂಚೆಯೇ ಗೊತ್ತಾಗುತ್ತಿತ್ತು. ಒಬ್ಬನೇ ಕೂತವನಿಗೆ ಅದು ರಿಸಲ್ಟ್ ಬಂದ ಮೇಲೆ ಗೊತ್ತಾಗುತ್ತಿತ್ತು.

ಇದರಿಂದ ಹುಟ್ಟಿದ್ದೇ ವರ್ಕ್‌ಶಾಪ್. ಟೆಕ್ಸಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ಸಿನಲ್ಲಿ 1988ರಿಂದ 'ಎಮರ್ಜಿಂಗ್ ಸ್ಕಾಲರ್ಸ್' ಅನ್ನುವ ಹೆಸರಲ್ಲಿ ಇದು ಬೆಳೆಯಿತು, ಆಮೇಲೆ ಬೇರೆ ಕಡೆಗೂ ಹೋಯಿತು. ಒಂದು ಮಾತು ಚೆನ್ನಾಗಿ ನೆನಪಿಡಿ: ಇದು ಟ್ಯೂಷನ್ ಕ್ಲಾಸ್ ಥರ ಶುರುವಾಗಿದ್ದಲ್ಲ. ಟ್ರೈಸ್‌ಮನ್ ಅದನ್ನು ಚುರುಕು ವಿದ್ಯಾರ್ಥಿಗಳ ಹಾನರ್ಸ್ ಕೋರ್ಸ್ ಥರ ಕಟ್ಟಿದರು, ಕ್ಲಾಸಿಗಿಂತ ಗಟ್ಟಿ ಲೆಕ್ಕ ಕೊಟ್ಟರು. "ನೀನು ಹಿಂದೆ ಬಿದ್ದಿದ್ದೀಯ, ಬಾ ಎತ್ತುತ್ತೇವೆ" ಅಂತ ಯಾರೂ ಹೇಳಲಿಲ್ಲ. ನನಗೆ ಇಡೀ ವಿಷಯದಲ್ಲಿ ತುಂಬಾ ಮುಖ್ಯ ಅನ್ನಿಸಿದ್ದು ಇದೇ.

ಒಳಗೆ ಹೇಗಿರುತ್ತದೆ ಅಂತ ಒಂದು ದಿನದ ಉದಾಹರಣೆ ಕೊಡುತ್ತೇನೆ. ನಾಲ್ಕು ಜನರ ಗುಂಪು, ಗುಂಪಿಗೊಂದು ಬಿಳಿ ಬೋರ್ಡು, ನಾಲ್ಕು ಜನಕ್ಕೂ ಸೇರಿ ಒಂದೇ ಹಾಳೆ. ಆವತ್ತಿನ ಲೆಕ್ಕ ನೋಡಲು ಸುಲಭ. ಎಲ್ಲೂ ಕಡಿಯದ ಒಂದು ಗೆರೆ ಎಳೆಯಿರಿ, ಆದರೆ ಒಂದು ಬಿಂದುವಿನಲ್ಲಿ ಮಾತ್ರ ಡೆರಿವೇಟಿವ್, ಅಂದರೆ ಆ ಜಾಗದಲ್ಲಿ ಗೆರೆಯ ಇಳಿಜಾರು ಎಷ್ಟು ಅನ್ನುವುದು, ಸಿಗಬಾರದು. ಒಬ್ಬ ಹುಡುಗ ತಕ್ಷಣ ವಿ ಆಕಾರ ಬರೆದ. ಸರಿ. ಈಗ ಎರಡು ಬಿಂದುವಿನಲ್ಲಿ ಸಿಗಬಾರದು, ಸೂತ್ರವೂ ಬೇಕು. ಅಲ್ಲಿಗೆ ಹತ್ತು ನಿಮಿಷ ಹೋಯಿತು. ಎರಡು ವಿ ಕೂಡಿಸಿದರೆ ಆಗುತ್ತದೆ ಅಂತ ಯಾರೋ ಹೇಳಿದರು, ಇಲ್ಲ ಒಂದಕ್ಕೊಂದು ಮೂಲೆ ಅಳಿಸಿಹಾಕಬಹುದು ಅಂತ ಇನ್ನೊಬ್ಬರು. ಈಗ ಪ್ರತಿಯೊಂದು ಪೂರ್ಣಾಂಕದಲ್ಲೂ ಸಿಗಬಾರದು! ನಮ್ಮ ಗುಂಪಿನಲ್ಲಿ ಒಬ್ಬಳು ಆವರೆಗೆ ಬಾಯಿಯೇ ಬಿಟ್ಟಿರಲಿಲ್ಲ. ಎದ್ದು ಹೋಗಿ ಬೋರ್ಡಿನ ಈ ತುದಿಯಿಂದ ಆ ತುದಿಗೆ ಗರಗಸದ ಹಲ್ಲು ಬರೆದಳು. "ಸೂತ್ರ?" ಅಂತ ನಾವು ಕೇಳಿದೆವು. ಸ್ವಲ್ಪ ಹೊತ್ತು ಸುಮ್ನೆ ನಿಂತಳು. ಆಮೇಲೆ ಸೈನ್ ಅಲೆ ಬರೆದು, ಕೆಳಗಿನ ಅರ್ಧವನ್ನೆಲ್ಲ ಮೇಲಕ್ಕೆ ಮಡಚಿದಳು. ಪ್ರತಿ ಪೂರ್ಣಾಂಕದ ಮೇಲೂ ಚೂಪು ಮೂಲೆ ಬಂದು ಕೂತಿತು. ಮಾರ್ಗದರ್ಶಕಿ ಅಲ್ಲೇ ನಿಂತಿದ್ದರು, ಒಂದು ಮಾತೂ ಆಡಲಿಲ್ಲ, ಪಕ್ಕದ ಗುಂಪನ್ನು ಕರೆದು "ಇವಳು ಹೇಳುತ್ತಾಳೆ, ಕೇಳಿ" ಅಂದರು ಅಷ್ಟೇ. ನಾನು ಪಿಯುಸಿಯಲ್ಲಿ ಇದೇ ವಿಷಯ ಓದಿ ಒಳ್ಳೆಯ ಅಂಕ ತೆಗೆದವಳು. ಡೆರಿವೇಟಿವ್ ಎಲ್ಲಿ ಸಿಗುವುದಿಲ್ಲ ಅನ್ನುವುದು ನಿಜವಾಗಿ ತಲೆಗೆ ಇಳಿದಿದ್ದು ಆ ಸಂಜೆ.

ಫೈನಾನ್ಸ್ ವಿಭಾಗ ಯಾಕೆ ಇದರಲ್ಲಿ ಇದೆ ಅಂತ ನನಗೂ ಮೊದಲು ಅರ್ಥವಾಗಿರಲಿಲ್ಲ. ತಿಂಗಳಿಗೊಂದು ಹಾಳೆ ದುಡ್ಡಿನ ಲೆಕ್ಕದ್ದು ಬರುತ್ತದೆ. ಸಾಲ, ಬಡ್ಡಿ, ಬಾಂಡ್ ಬೆಲೆ, ಆಮೇಲೆ ಆಪ್ಷನ್ (ಷೇರನ್ನು ಮುಂದೆ ಈಗಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕು) ಬೆಲೆಯನ್ನು ಕಂಪ್ಯೂಟರಿನಲ್ಲಿ ದಾಳ ಉರುಳಿಸಿದ ಹಾಗೆ ಮತ್ತೆ ಮತ್ತೆ ಸಿಮ್ಯುಲೇಟ್ ಮಾಡುವುದು. ಇದು ಸುಮ್ನೆ ರುಚಿಗೆ ಹಾಕಿದ ಉಪ್ಪಲ್ಲ. ಬ್ರೂಕಿಂಗ್ಸ್ ಅನ್ನುವ ಅಮೆರಿಕದ ಸಂಶೋಧನಾ ಸಂಸ್ಥೆಯ 2016ರ ಒಂದು ವರದಿ ಪ್ರಕಾರ, ಅಮೆರಿಕದಲ್ಲಿ ಡಿಗ್ರಿ ಮುಗಿಸಿದ ದಿನ ಕಪ್ಪು ಪದವೀಧರರ ತಲೆ ಮೇಲೆ ಬಿಳಿಯರಿಗಿಂತ ಸರಾಸರಿ 7,400 ಡಾಲರ್ ಜಾಸ್ತಿ ಸಾಲ ಇರುತ್ತದೆ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಆ ಅಂತರ ಹತ್ತಿರ ಹತ್ತಿರ 25,000 ಡಾಲರ್ ಆಗುತ್ತದೆ. ಬಡ್ಡಿ ಬೆಳೆಯುವುದೂ, ಮುಂದೆ ಓದಲು ಮತ್ತೆ ಸಾಲ ಮಾಡುವುದೂ ಅದಕ್ಕೆ ಕಾರಣ. ಅಂದರೆ ನನ್ನ ಪಕ್ಕ ಕೂತವರಿಗೆ ಸಾಲ ಬೆಳೆಯುವ ಸೂತ್ರ ಪುಸ್ತಕದ ಮಾತಲ್ಲ, ಮನೆಯ ಮಾತು.

ಇದು ನನಗೆ ಮಾರ್ಚ್‌ನ ಹಾಳೆಯಲ್ಲಿ ಗೊತ್ತಾಯಿತು. ಲೆಕ್ಕ ಹೀಗಿತ್ತು: 2,000 ಡಾಲರ್ ವಿದ್ಯಾರ್ಥಿ ಸಾಲ, ಬಡ್ಡಿ ಶೇ. 6.53, ಅದು ಕ್ಷಣ ಕ್ಷಣವೂ ಚಕ್ರಬಡ್ಡಿಯಾಗಿ ಬೆಳೆದರೆ ನಾಲ್ಕೂವರೆ ವರ್ಷದ ಮೇಲೆ ಎಷ್ಟು? ಸೂತ್ರಕ್ಕೆ ಹಾಕಿದೆವು, 2,683 ಡಾಲರ್ ಬಂತು, ಬರೆದೆವು. ಗರಗಸದ ಹಲ್ಲು ಬರೆದ ಹುಡುಗಿ ಮಾತ್ರ ಬರೆಯಲಿಲ್ಲ. "ಇದು ತಪ್ಪು" ಅಂದಳು. ಮೊಬೈಲ್ ತೆಗೆದು ತನ್ನದೇ ಸಾಲದ ಸ್ಟೇಟ್‌ಮೆಂಟ್ ತೋರಿಸಿದಳು. 2024-25ರಲ್ಲಿ ಡಿಗ್ರಿ ವಿದ್ಯಾರ್ಥಿಗಳ ಫೆಡರಲ್ ಸಾಲದ ದರ ಅದೇ ಶೇ. 6.53. ಮನೆಯವರನ್ನು ಅವಲಂಬಿಸಿದ ಮೊದಲ ವರ್ಷದ ವಿದ್ಯಾರ್ಥಿಗೆ ಒಟ್ಟು 5,500 ಡಾಲರ್ ತನಕ ಸಿಗುತ್ತದೆ. ಅದರಲ್ಲಿ ಓದುವಾಗ ಸರ್ಕಾರವೇ ಬಡ್ಡಿ ಕಟ್ಟುವ ಭಾಗ ಹೆಚ್ಚೆಂದರೆ 3,500. ಮಿಕ್ಕ 2,000ಕ್ಕೆ ಮೊದಲ ದಿನದಿಂದಲೇ ಬಡ್ಡಿ ಓಡುತ್ತದೆ. ಆದರೆ ಓಡುವುದು ಚಕ್ರಬಡ್ಡಿಯಾಗಿ ಅಲ್ಲ, ದಿನದ ಲೆಕ್ಕದ ಸರಳ ಬಡ್ಡಿ. "ದಿನಕ್ಕೆ 36 ಸೆಂಟ್" ಅಂದಳು, "ನಿನ್ನೆಯೂ ಅಷ್ಟೇ, ಇವತ್ತೂ ಅಷ್ಟೇ, ನಾನು ದಿನಾ ನೋಡುತ್ತೇನೆ." ಹಾಗೆ ಲೆಕ್ಕ ಹಾಕಿದರೆ ನಾಲ್ಕು ವರ್ಷ ಓದು, ಆಮೇಲೆ ಕಂತು ಶುರುವಾಗುವ ಮುಂಚಿನ ಆರು ತಿಂಗಳು ಸೇರಿ ಸುಮಾರು 2,588 ಡಾಲರ್. ಗೆರೆ ನೇರ, ಬಾಗುವುದಿಲ್ಲ.

ಇಡೀ ಕೋಣೆ ಅವಳ ಬೋರ್ಡಿನ ಹತ್ತಿರ ಬಂತು. ನೇರ ಗೆರೆಯನ್ನೂ ಬಾಗಿದ ಗೆರೆಯನ್ನೂ ಒಂದರ ಮೇಲೊಂದು ಬರೆದು, ಮೊದಮೊದಲು ಎರಡೂ ಯಾಕೆ ಅಂಟಿಕೊಂಡಿರುತ್ತವೆ, ಆಮೇಲೆ ಎಲ್ಲಿಂದ ಬಿಟ್ಟುಕೊಳ್ಳುತ್ತವೆ ಅಂತ ಅರ್ಧ ಗಂಟೆ ಮಾತಾಡಿದೆವು. ಮುಂದಿನ ತಿಂಗಳು ಟೇಲರ್ ಸರಣಿ (ಬಾಗಿದ ಗೆರೆಯನ್ನು ಒಂದು ಬಿಂದುವಿನ ಹತ್ತಿರ ನೇರ ಗೆರೆಯಿಂದ ಶುರುಮಾಡಿ ಹಂತಹಂತವಾಗಿ ಕಟ್ಟುವ ವಿಧಾನ) ಬಂದಾಗ ಮೇಷ್ಟ್ರು ಹೇಳಿದ್ದು ಅದನ್ನೇ. ನಮಗೆ ಆಗಲೇ ಗೊತ್ತಿತ್ತು. ನಾನು ವೀಸಾ ಮೇಲೆ ಬಂದವಳು, ನನಗೆ ಆ ಸಾಲ ಸಿಗುವುದಿಲ್ಲ, ಅದರ ಬಗ್ಗೆ ಏನೂ ಗೊತ್ತಿರಲಿಲ್ಲ. ಅವಳು ಅಲ್ಲಿ ಇಲ್ಲದಿದ್ದರೆ ನಾನು 2,683 ಬರೆದು ಸರಿ ಅಂದುಕೊಂಡೇ ಮನೆಗೆ ಹೋಗುತ್ತಿದ್ದೆ.

ಈಗ ಬೇಸರದ ಮಾತು. ಸಾಲದ ಹಾಳೆ ಬರೆದವರು ಒಂದು ಸ್ಟೇಟ್‌ಮೆಂಟನ್ನಾದರೂ ತೆರೆದು ನೋಡಿದ್ದರೆ ಆ ತಪ್ಪು ಆಗುತ್ತಿರಲಿಲ್ಲ. ಕಪ್ಪು ವಿದ್ಯಾರ್ಥಿಗಳ ಬಗ್ಗೆ ಸಂಶೋಧನೆ ಮಾಡುವ ಯೋಜನೆಯೇ ಅವರ ಕೈಗೆ ಸಾಲದ ತಪ್ಪು ಲೆಕ್ಕ ಕೊಡುವುದು ಸರಿಯಲ್ಲ, ಅಲ್ವಾ? ನಾವು ಬರೆದು ಕೊಟ್ಟೆವು. ಆ ಸೆಮಿಸ್ಟರ್ ಉತ್ತರವೇ ಬರಲಿಲ್ಲ.

ಎರಡನೆಯದು ಸಮಯ. ಸಂಜೆ ನಾಲ್ಕರಿಂದ ಆರು. ನನ್ನ ಜೊತೆಗಿದ್ದವರಲ್ಲಿ ಎಷ್ಟೋ ಜನ ಅದೇ ಹೊತ್ತಿಗೆ ಕೆಲಸಕ್ಕೆ ಹೋಗಬೇಕು, ಕೆಲಸ ಬಿಟ್ಟರೆ ಬಾಡಿಗೆ ಕಟ್ಟಲಾಗುವುದಿಲ್ಲ. ಯಾರಿಗಾಗಿ ಕಟ್ಟಿದ್ದೋ ಅವರಲ್ಲೇ ಇಬ್ಬರು ಮೂರನೇ ವಾರಕ್ಕೆ ಬಿಟ್ಟುಹೋದರು. ಅವರಿಗೆ ಲೆಕ್ಕ ಬರದೆ ಅಲ್ಲ. ಬೆಳಗ್ಗೆ ಹತ್ತಕ್ಕೆ ಒಂದು ಬ್ಯಾಚ್ ಇಟ್ಟಿದ್ದರೆ ಇರುತ್ತಿದ್ದರು. ಸಂಶೋಧಕರು ಈ ಇಬ್ಬರನ್ನು 'ಮಧ್ಯೆ ಬಿಟ್ಟವರು' ಅನ್ನುವ ಪಟ್ಟಿಗೆ ಸೇರಿಸಿರುತ್ತಾರೆ. ಯಾಕೆ ಬಿಟ್ಟಿರಿ ಅಂತ ಫೋನ್ ಮಾಡಿ ಕೇಳಿದ್ದನ್ನು ನಾನು ಕಾಣಲಿಲ್ಲ, ಅದು ನನಗೆ ಇವತ್ತಿಗೂ ನೋವು.

ಸರ್ವೆ ವಿಷಯವೂ ಹಾಗೇ. ಸೆಮಿಸ್ಟರಿಗೆ ಮೂರು ಸಲ ಉದ್ದುದ್ದ ಪ್ರಶ್ನೆಪತ್ರ. ಒಪ್ಪಿಗೆ ಇಲ್ಲದಿದ್ದರೆ ತುಂಬಬೇಕಿಲ್ಲ, ಗ್ರೇಡಿಗೆ ಏನೂ ಆಗುವುದಿಲ್ಲ, ಅದನ್ನು ಸ್ಪಷ್ಟವಾಗಿ ಹೇಳುತ್ತಾರೆ, ಅದು ಒಳ್ಳೆಯದು. ಆದರೆ ಉತ್ತರ ತಗೊಂಡವರು ಕೊನೆಗೆ ಏನು ಕಂಡರು ಅಂತ ನಮ್ಮೆದುರು ಬಂದು ಹೇಳಲಿಲ್ಲ. ನಮ್ಮ ಬಗ್ಗೆ ನಡೆಯುವ ಸಂಶೋಧನೆ ನಮಗೂ ಗೊತ್ತಾಗಬೇಕು.

ಗೋಡೆಯ ಮೇಲೆ ಕಪ್ಪು ಗಣಿತಜ್ಞರ ಚಿತ್ರಗಳಿವೆ. 1925ರಲ್ಲಿ ಕಾರ್ನೆಲ್‌ನಿಂದ ಪಿಎಚ್.ಡಿ. ಪಡೆದ ಎಲ್ಬರ್ಟ್ ಕಾಕ್ಸ್, ಗಣಿತದಲ್ಲಿ ಪಿಎಚ್.ಡಿ. ಪಡೆದ ಮೊದಲ ಕಪ್ಪು ವ್ಯಕ್ತಿ. ಪ್ರಿನ್ಸ್‌ಟನ್ನಿನ ವಿಲಿಯಂ ಮ್ಯಾಸಿ, ಬೆಲ್ ಲ್ಯಾಬ್ಸ್‌ನಲ್ಲಿ ಸರದಿ ಸಾಲುಗಳ ಗಣಿತ ಮಾಡಿದವರು, ಕಪ್ಪು ಗಣಿತ ಸಂಶೋಧಕರಿಗಾಗಿ 1995ರಲ್ಲಿ ಶುರುವಾದ ಸಮ್ಮೇಳನದ ಹಿಂದಿದ್ದವರು. ಬರೀ ಚಿತ್ರ ನೋಡಿದರೆ ಏನೂ ಆಗುವುದಿಲ್ಲ. ಆದರೆ ಒಂದು ದಿನ ಮಾರ್ಗದರ್ಶಕಿ ಡೇವಿಡ್ ಬ್ಲ್ಯಾಕ್‌ವೆಲ್ ಅವರ ಚಿತ್ರ ಇಳಿಸಿ ಮೇಜಿನ ಮೇಲಿಟ್ಟು ಅವರ ಕೆಲಸವನ್ನೇ ಮಾಡಿಸಿದರು. ಬ್ಲ್ಯಾಕ್‌ವೆಲ್ 22ನೇ ವಯಸ್ಸಿಗೆ, 1941ರಲ್ಲಿ, ಇಲಿನಾಯ್‌ನಿಂದ ಪಿಎಚ್.ಡಿ. ಪಡೆದವರು, 1965ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ ಮೊದಲ ಕಪ್ಪು ವಿಜ್ಞಾನಿ. ಆಪ್ಷನ್ ಬೆಲೆಯ ಸಿಮ್ಯುಲೇಷನ್ ನಮಗೆ ಪ್ರತಿ ಸಲ ಬೇರೆ ಬೇರೆ ಉತ್ತರ ಕೊಡುತ್ತಿತ್ತು, ತುಂಬಾ ಅಲ್ಲಾಡುತ್ತಿತ್ತು. ಖಚಿತವಾಗಿ ಲೆಕ್ಕ ಹಾಕಬಹುದಾದ ಭಾಗವನ್ನು ದಾಳ ಉರುಳಿಸದೆ ಲೆಕ್ಕ ಹಾಕಿಯೇ ಬಿಡಿ ಅಂದರು. ಅಲ್ಲಾಟ ಕಣ್ಣೆದುರೇ ಕಡಿಮೆಯಾಯಿತು. "ಇದರ ಹಿಂದಿರುವುದು ರಾವ್-ಬ್ಲ್ಯಾಕ್‌ವೆಲ್ ಪ್ರಮೇಯ" ಅಂದರು. ಆ ರಾವ್ ಅಂದರೆ ಸಿ.ಆರ್. ರಾವ್, ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದವರು! ನಾನು ಕೈ ಎತ್ತಿ ಅದನ್ನು ಹೇಳಿದೆ. 1945ರಲ್ಲಿ ರಾವ್, 1947ರಲ್ಲಿ ಬ್ಲ್ಯಾಕ್‌ವೆಲ್, ಒಬ್ಬರ ಕೆಲಸ ಒಬ್ಬರಿಗೆ ತಿಳಿಯದೆಯೇ ಒಂದೇ ಮಾತಿಗೆ ಬಂದಿದ್ದರು. ಗರಗಸದ ಹಲ್ಲು ಬರೆದ ಹುಡುಗಿ, ಆಗಲೇ ನನ್ನ ಗೆಳತಿಯಾಗಿದ್ದವಳು, ನನ್ನ ಕಡೆ ತಿರುಗಿ, "ಹಾಗಾದರೆ ಒಂದು ನಿಮ್ಮವರದು, ಒಂದು ನಮ್ಮವರದು" ಅಂದಳು.

ಸೇರುವವರಿಗೆ ಎರಡು ಎಚ್ಚರಿಕೆ. ಓರಿಯೆಂಟೇಷನ್ ವಾರದಲ್ಲೇ ಹೆಸರು ಕೊಡಿ, ಆಮೇಲೆ ಸೀಟು ಇರುವುದಿಲ್ಲ. ಇನ್ನೊಂದು, ಈಗ ಇದೇ ಹೆಸರು ಹೋಲುವ ಒಂದು 'ಸಹಾಯ ಮೇಜು' ಶುರು ಮಾಡಿದ್ದಾರೆ, ಅದು ಬೇರೆ. ಅಲ್ಲಿ ಹೋಮ್‌ವರ್ಕ್ ಹಿಡಿದು ಸಾಲಲ್ಲಿ ನಿಂತರೆ ಯಾರೋ ಉತ್ತರ ತೋರಿಸಿ ಕಳಿಸುತ್ತಾರೆ, ಮತ್ತೆ ಒಬ್ಬರೇ ಓದುವ ಹಳೆ ಕಥೆ. ನಾಲ್ಕು ಜನರ ಗುಂಪು ಇದೆಯಾ, ಕ್ಲಾಸಿಗಿಂತ ಗಟ್ಟಿ ಲೆಕ್ಕ ಕೊಡುತ್ತೀರಾ ಅಂತ ಕೇಳಿ. ಎರಡಕ್ಕೂ ಹೌದು ಅಂದರೆ ಮಾತ್ರ ಸೇರಿ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಬೆಳಗಿನ ಬ್ಯಾಚ್ ಬಂದರೆ ಐದು.

ನಾನು ಸಹಾಯಕಳಾಗಿದ್ದ ಸೆಮಿಸ್ಟರಿನಲ್ಲಿ ಸಾಲದ ಹಾಳೆ ಹೊಸದಾಗಿ ಬಂತು. ಚಕ್ರಬಡ್ಡಿ ತೆಗೆದಿದ್ದರು. 2025-26ರ ದರ ಶೇ. 6.39 ಹಾಕಿ, ಮೊದಲ ಪ್ರಶ್ನೆಯಾಗಿ ದಿನಕ್ಕೆ ಎಷ್ಟು ಸೆಂಟ್ ಅಂತ ಕೇಳಿದ್ದರು. ಉತ್ತರ 35. ಹಾಳೆಯ ಫೋಟೋ ತೆಗೆದು ಗೆಳತಿಗೆ ಕಳಿಸಿದೆ.