ಪರಾಚಿಯೋ, ಅಬ್ರಾವೋ?

ರಿಯೊ ಡಿ ಜನೈರೋದ ಪಶ್ಚಿಮಕ್ಕಿರುವ ಇಲ್ಯಾ ಗ್ರಾಂಡೆ ಕೊಲ್ಲಿಯಲ್ಲಿ ಹಾಯಿದೋಣಿ ಹಿಡಿದಿದ್ದೀರಿ, ಸಮಯ ಕಡಿಮೆಯಿದೆ. ಲಂಗರು ಎಲ್ಲಿ ಹಾಕುವುದು? ಯುನೆಸ್ಕೊ 2019ರಲ್ಲಿ ಪರಾಚಿ ಪಟ್ಟಣ, ಇಲ್ಯಾ ಗ್ರಾಂಡೆ ದ್ವೀಪ ಎರಡನ್ನೂ ಒಟ್ಟಿಗೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆಯ್ಕೆಗೆ ಅದರಿಂದ ನೆರವಿಲ್ಲ.

ದ್ವೀಪದ ಮುಖ್ಯ ಹಳ್ಳಿ ಅಬ್ರಾವೋ. ಪ್ರವಾಸಿಗರ ಕಾರುಗಳಿಗೆ ಪ್ರವೇಶವಿಲ್ಲ, ಊರಿನ ಬೆನ್ನಿಗೇ ಕಾಡು. ಈಜು, ಕಾಲುಹಾದಿಯ ಹುಚ್ಚಿದ್ದವರಿಗೆ, ಮಕ್ಕಳೊಂದಿಗರಿಗೆ ಇದೇ ಸರಿ.

ಪರಾಚಿಯ ಸಂಗತಿಯೇ ಬೇರೆ. ಒಳನಾಡಿನ ಗಣಿಸೀಮೆ ಮಿನಾಸ್ ಜೆರೈಸ್‌ನ ಚಿನ್ನ ಹಡಗೇರುತ್ತಿದ್ದ ಬಂದರು ಅದು. ಗಣಿಗಳಿಂದ ರಿಯೊಗೆ ನೇರ ದಾರಿಯಾದ ಮೇಲೆ ಊರು ಸೊರಗಿತು. ಹಳೆಯ ಮನೆಗಳು ಉಳಿದದ್ದು ಬಹುಮಟ್ಟಿಗೆ ಆ ಬಡತನದಿಂದಲೇ. ಹುಣ್ಣಿಮೆ, ಅಮಾವಾಸ್ಯೆಯ ಭರತಕ್ಕೆ ಕಡಲ ನೀರು ಬೀದಿಗೆ ನುಗ್ಗಿ, ಉರುಟು ಕಲ್ಲುಗಳ ಮೇಲೆ ನಿಂತು, ಬಿಳಿ ಗೋಡೆಗಳನ್ನು ತಲೆಕೆಳಗಾಗಿ ತೋರಿಸಿ, ಇಳಿತಕ್ಕೆ ಹೊರಟುಹೋಗುತ್ತದೆ. ಎತ್ತರದ ಹಿಮ್ಮಡಿಯ ಚಪ್ಪಲಿ ದೋಣಿಯಲ್ಲೇ ಇರಲಿ!

ತೊಡಕೂ ಇದೆ. ಊರ ಮುಂದೆ ನೀರು ಆಳವಿಲ್ಲ. ದೊಡ್ಡ ದೋಣಿಯನ್ನು ದೂರದಲ್ಲಿ ನಿಲ್ಲಿಸಿ ಚಿಕ್ಕದರಲ್ಲಿ ದಡ ಸೇರಬೇಕು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆಯ ಕಾಟ, ಜೂನ್‌ನಿಂದ ಆಗಸ್ಟ್ ಹಿತ. ನನ್ನ ಮತ ಪರಾಚಿಗೆ, ಅದೂ ಹುಣ್ಣಿಮೆಯ ಆಸುಪಾಸಿನಲ್ಲಿ.